ಮಂಡಿನೋವು ಇರುವವರು ಸ್ಯಾಂಟೊರಿನಿಯಲ್ಲಿ ಹಡಗಿನಿಂದ ಇಳಿಯಬಹುದೇ?

ಪ್ರಶ್ನೆ: ಮಗ ಜರ್ಮನಿಯಲ್ಲಿದ್ದಾನೆ. ಸೆಪ್ಟೆಂಬರ್ ಕೊನೆಯ ವಾರಕ್ಕೆ ನಮ್ಮಿಬ್ಬರಿಗೂ ಗ್ರೀಸ್ ಕ್ರೂಸ್ ಬುಕ್ ಮಾಡಿದ್ದಾನೆ. ಅವನಿಗೆ ರಜೆ ಇಲ್ಲ, ನಾವಿಬ್ಬರೇ ಹೋಗಬೇಕು. ಅಥೆನ್ಸ್ ಪಕ್ಕದ ಪಿರೇಯಸ್ ಬಂದರಿನಿಂದ ಹೊರಟು ಮಿಕೊನೊಸ್, ಟರ್ಕಿಯ ಕುಶಾದಸಿ, ಕೊನೆಗೆ ಸ್ಯಾಂಟೊರಿನಿ ನೋಡಿಕೊಂಡು ಮತ್ತೆ ಪಿರೇಯಸ್. ಸ್ಯಾಂಟೊರಿನಿಯಲ್ಲಿ ಬೆಳಿಗ್ಗೆ 7ರಿಂದ ಸಂಜೆ 6ರವರೆಗೆ ಹಡಗು ಇರುತ್ತದಂತೆ. ನನಗೆ 63, ನಮ್ಮ ಯಜಮಾನರಿಗೆ 69. ಅವರಿಗೆ ಎರಡೂ ಮಂಡಿ ನೋವು, ಕೋಲು ಹಿಡಿದು ನಡೆಯುತ್ತಾರೆ. ಯೂಟ್ಯೂಬಿನಲ್ಲಿ ನೋಡಿದರೆ ಅಲ್ಲಿ ಆರುನೂರು ಮೆಟ್ಟಿಲು ಹತ್ತಬೇಕು, ಇಲ್ಲದಿದ್ದರೆ ಕತ್ತೆ ಮೇಲೆ ಕೂರಬೇಕು ಎನ್ನುತ್ತಾರೆ. 2025ರಲ್ಲಿ ಅಲ್ಲಿ ಸಾಲುಸಾಲು ಭೂಕಂಪ ಆಯಿತು ಎಂಬ ಭಯ ಬೇರೆ. ಹಡಗಿನವರ ಟೂರ್ ದುಬಾರಿ, ಹೊರಗಿನ ಟ್ಯಾಕ್ಸಿ ಬುಕ್ ಮಾಡಿದರೆ ಬಂದರಿಗೇ ಬಂದು ಕರೆದುಕೊಂಡು ಹೋಗುತ್ತಾರೆ ಎಂದು ಮಗ ಹೇಳುತ್ತಾನೆ. ನಾವು ಮೊಟ್ಟೆಯನ್ನೂ ತಿನ್ನುವುದಿಲ್ಲ. ಸುಮ್ನೆ ಹಡಗಿನಲ್ಲೇ ಕೂತು ನೋಡುವುದು ವಾಸಿಯಾ?
ಮೈಸೂರಿನ ಓದುಗರು

ಉತ್ತರ: ಇಳಿಯಬಹುದು ಮೇಡಂ. ಆ ಆರುನೂರು ಮೆಟ್ಟಿಲನ್ನು ನಿಮ್ಮ ಯಜಮಾನರು ಹತ್ತಬೇಕಾಗಿಲ್ಲ. ಕತ್ತೆಯ ಸಹವಾಸವೂ ಬೇಡ. ಪ್ರವಾಸಿ ಗುಂಪುಗಳನ್ನು ಕರೆದುಕೊಂಡು ಹೋಗುವುದೇ ನನ್ನ ಕೆಲಸ. ಗುಂಪಿನಲ್ಲಿ ಅರ್ಧಕ್ಕರ್ಧ ಜನ ಅರವತ್ತು ದಾಟಿದವರೇ ಇರುತ್ತಾರೆ. ಸ್ಯಾಂಟೊರಿನಿಯಿಂದ ಸುಸ್ತಾಗಿ ಹಡಗಿಗೆ ವಾಪಸಾದವರನ್ನು ಬೇಕಾದಷ್ಟು ನೋಡಿದ್ದೇನೆ. ಹತ್ತಿ ಸುಸ್ತಾದವರು ಅವರಲ್ಲಿ ಕಮ್ಮಿ, ಕ್ಯೂನಲ್ಲಿ ನಿಂತು ನಿಂತು ಸುಸ್ತಾದವರೇ ಜಾಸ್ತಿ. ಹಾಗಾಗಿ ನಿಮ್ಮ ಪತ್ರ ಓದಿದಾಗ ನನಗೆ ಮೆಟ್ಟಿಲಿನ ಚಿಂತೆ ಆಗಲಿಲ್ಲ. ವಾಪಸ್ ಬರುವಾಗಿನ ಕ್ಯೂ, ಮಗ ಹೇಳಿದ ಆ ಟ್ಯಾಕ್ಸಿ, ಮತ್ತೆ ನೀವು ಕೇಳದೇ ಬಿಟ್ಟ ವೀಸಾ, ಈ ಮೂರರ ಚಿಂತೆ ಆಯಿತು.

ಮೊದಲು ಆ ಜಾಗ ಹೇಗಿದೆ ಎಂದು ತಿಳಿದರೆ ಉಳಿದದ್ದು ಸುಲಭ. ಸ್ಯಾಂಟೊರಿನಿ ಒಂದು ಜ್ವಾಲಾಮುಖಿ. ಕ್ರಿಸ್ತಪೂರ್ವ 1600ರ ಆಸುಪಾಸಿನಲ್ಲಿ ಅದು ಭಾರಿಯಾಗಿ ಸ್ಫೋಟಿಸಿತು. ನಡುಭಾಗ ಕುಸಿದು, ಅಲ್ಲಿಗೆ ಸಮುದ್ರ ನುಗ್ಗಿತು. ಈಗ ಉಳಿದಿರುವುದು ಅರ್ಧಚಂದ್ರಾಕಾರದ ಅಂಚು. ನಡುವಿನ ಈ ನೀರು ತುಂಬಿದ ಕುಳಿಗೆ ಕ್ಯಾಲ್ಡೆರಾ ಎನ್ನುತ್ತಾರೆ. ಒಳಗಡೆ ಕೆಲವು ಕಡೆ ನೀರು 400 ಮೀಟರಿನ ಹತ್ತಿರ ಆಳ ಇದೆ. ದೊಡ್ಡ ಹಡಗು ದಡಕ್ಕೆ ತಾಗಿ ನಿಲ್ಲುವ ಕಟ್ಟೆ ಅಲ್ಲಿಲ್ಲ. ಹಡಗು ನೀರಿನ ನಡುವೆಯೇ ಇರುತ್ತದೆ. ಟೆಂಡರ್ ಎನ್ನುವ ಚಿಕ್ಕ ದೋಣಿಗಳಲ್ಲಿ ಜನರನ್ನು ದಡಕ್ಕೆ ಬಿಡುತ್ತಾರೆ.

ಇಳಿಸುವ ಜಾಗ ಎರಡು. ಒಂದು, ಫಿರಾ ಪಟ್ಟಣದ ಕೆಳಗಿರುವ ಹಳೇ ಬಂದರು. ಇನ್ನೊಂದು, ಅದಕ್ಕೆ ದಕ್ಷಿಣಕ್ಕಿರುವ ಅಥಿನಿಯೋಸ್. ಅಥಿನಿಯೋಸ್‌ಗೆ ರಸ್ತೆ ಇದೆ, ಬಸ್ಸು ಬರುತ್ತದೆ, ಅಥೆನ್ಸಿನ ಫೆರಿಗಳೂ ಅಲ್ಲೇ ನಿಲ್ಲುತ್ತವೆ. ಹಳೇ ಬಂದರಿಗೆ ರಸ್ತೆಯೇ ಇಲ್ಲ. ಮುಂದೆ ಸಮುದ್ರ, ಹಿಂದೆ ನೇರ ಬಂಡೆ, ನಡುವೆ ಒಂದಿಷ್ಟು ಅಂಗಡಿ ಸಾಲು. ಹಡಗಿನವರ ಟೂರ್ ತೆಗೆದುಕೊಂಡವರನ್ನು ಸಾಮಾನ್ಯವಾಗಿ ಅಥಿನಿಯೋಸ್‌ನಲ್ಲಿ ಇಳಿಸುತ್ತಾರೆ. ಮಿಕ್ಕವರೆಲ್ಲ ಹಳೇ ಬಂದರಿಗೆ. ನನಗೆ ಅಥಿನಿಯೋಸ್ ಬೇಕು ಎಂದು ನೀವು ಕೇಳಿದರೆ ಆಗುವುದಿಲ್ಲ.

ಈಗ ಮಗನ ಟ್ಯಾಕ್ಸಿಗೆ ಬನ್ನಿ. ಬಂದರಿಗೇ ಬರುತ್ತೇವೆ ಎಂದು ಯಾರಾದರೂ ಹೇಳಿದ್ದರೆ, ಯಾವ ಬಂದರು ಎಂದು ಕೇಳಲು ಹೇಳಿ. ಅಥಿನಿಯೋಸ್ ಎಂದರೆ ಆ ಡ್ರೈವರ್ ಅಲ್ಲಿ ಬೋರ್ಡ್ ಹಿಡಿದು ಕಾಯುತ್ತಿರುತ್ತಾರೆ, ನೀವು ಹಳೇ ಬಂದರಿನಲ್ಲಿ ಅವರಿಗೆ ಫೋನ್ ಮಾಡುತ್ತಿರುತ್ತೀರಿ. ನಡುವೆ ಇಡೀ ಗುಡ್ಡ. ಹಳೇ ಬಂದರು ಎಂದರೆ ಇನ್ನೂ ಅನುಮಾನ ಪಡಬೇಕು, ಅಲ್ಲಿಗೆ ಕಾರು ಬರುವುದು ಸಾಧ್ಯವೇ ಇಲ್ಲ. ಮೇಲೆ ಫಿರಾದಲ್ಲಿ, ಕೇಬಲ್ ಕಾರಿನಿಂದ ಸ್ವಲ್ಪ ದೂರದ ರಸ್ತೆಯಲ್ಲಿ ಸಿಗುತ್ತೇವೆ ಎಂದು ಹೇಳುವವರು ಊರು ಗೊತ್ತಿರುವವರು. ಅಂಥವರನ್ನು ನಂಬಬಹುದು. ಆದರೂ ನಿಮ್ಮ ಟೆಂಡರ್ ಎಷ್ಟು ಹೊತ್ತಿಗೆ ಸಿಗುತ್ತದೋ, ಕೆಳಗೆ ಎಷ್ಟು ಹೊತ್ತು ಕಾಯಬೇಕೋ, ಮೊದಲೇ ಹೇಳಲು ಆಗುವುದಿಲ್ಲ. ಗಂಟೆ ಲೆಕ್ಕದಲ್ಲಿ ಹಣ ಕೊಡುವ ಟ್ಯಾಕ್ಸಿಗೆ ಇದು ದೊಡ್ಡ ತಲೆನೋವು.

ಮೆಟ್ಟಿಲಿನ ಮಾತು. ಹಳೇ ಬಂದರಿನಿಂದ ಫಿರಾಕ್ಕೆ ಸುಮಾರು 220 ಮೀಟರ್ ಎತ್ತರ. ಹತ್ತಲು ಮೂರು ದಾರಿ: ನಡಿಗೆ, ಕತ್ತೆ, ಕೇಬಲ್ ಕಾರ್. ಮೆಟ್ಟಿಲನ್ನು ಕೆಲವರು 587 ಎಂದು ಎಣಿಸುತ್ತಾರೆ, ಕೆಲವರು 588 ಎನ್ನುತ್ತಾರೆ. ಆರುನೂರು ಎಂದು ಯೂಟ್ಯೂಬಿನವರು ಹೇಳಿದ್ದು ಸುಳ್ಳಲ್ಲ. ಹತ್ತಲೇಬೇಕು ಎಂದದ್ದು ಮಾತ್ರ ಸುಳ್ಳು. ಮಂಡಿ ಗಟ್ಟಿ ಇದ್ದವರಿಗೂ ನಾನು ಆ ದಾರಿ ಹೇಳುವುದಿಲ್ಲ. ಗೊರಸು ತಾಗಿ ತಾಗಿ ಕಲ್ಲು ನುಣ್ಣಗಾಗಿದೆ. ಮೇಲೆ ಲದ್ದಿ. ತಿರುವಿನಲ್ಲಿ ಕತ್ತೆಗಳ ಸಾಲು ಒಟ್ಟಿಗೆ ಇಳಿದು ಬಂದರೆ ನಡೆಯುವವರು ಗೋಡೆಗೆ ಒತ್ತಿಕೊಂಡು ನಿಲ್ಲಬೇಕು.

ಕತ್ತೆ ಎಂದು ಕರೆಯುತ್ತಾರೆ, ಅಲ್ಲಿ ಹೇಸರಗತ್ತೆಗಳೂ ಬೇಕಾದಷ್ಟಿವೆ. ಭಾರ ಹೊರುವ ಪ್ರಾಣಿಯ ಮೇಲೆ 100 ಕಿಲೋಗಿಂತ ಅಥವಾ ಅದರ ಮೈತೂಕದ ಐದನೇ ಒಂದು ಭಾಗಕ್ಕಿಂತ ಹೆಚ್ಚು ಹೇರಬಾರದು ಎಂದು ಗ್ರೀಸ್ 2018ರಲ್ಲಿ ನಿಯಮ ಮಾಡಿತು. ನಿಯಮ ಮಾಡುವಷ್ಟು ದೂರು ಇತ್ತು ಎಂದೇ ಅರ್ಥ ಅಲ್ವಾ? ಪ್ರಾಣಿದಯೆ ಒಂದು ಕಡೆ ಇರಲಿ. ಮಂಡಿ ಬಗ್ಗದವರು ಜೀನಿನ ಮೇಲೆ ಕಾಲು ಹಾಕುವುದು, ಇಳಿಯುವುದು, ನಡುವೆ ಅದು ಗೋಡೆ ಕಡೆಗೆ ಉಜ್ಜಿಕೊಂಡು ಹೋಗುವುದು, ಇದು ಯಾವುದೂ ನಿಮ್ಮ ಯಜಮಾನರಿಗೆ ಆಗುವ ಕೆಲಸ ಅಲ್ಲ.

ಉಳಿದದ್ದು ಕೇಬಲ್ ಕಾರ್. 1979ರಿಂದ ನಡೆಯುತ್ತಿದೆ. ನೋಮಿಕೋಸ್ ಎಂಬ ಹಡಗು ಮಾಲೀಕರ ಕುಟುಂಬ ದ್ವೀಪಕ್ಕೆ ಕೊಟ್ಟ ಕೊಡುಗೆ ಅದು. ಮೇಲೆ ಹೋಗಲು ಮೂರು ನಿಮಿಷ ಸಾಕು. ಈಚೆಗೆ ಒಂದು ಕಡೆಗೆ 10 ಯೂರೋ ಆಗಿದೆ. ಒಂದು ಸಣ್ಣ ಸಂಗತಿ ಯಾರೂ ಹೇಳುವುದಿಲ್ಲ. ಆರು ಡಬ್ಬಿಗಳು ಒಂದರ ಹಿಂದೆ ಒಂದು ಇಳಿಜಾರಿನಲ್ಲಿ ನಿಲ್ಲುವುದರಿಂದ, ಹತ್ತುವ ಪ್ಲಾಟ್‌ಫಾರಂ ಕೂಡ ಮೆಟ್ಟಿಲು ಮೆಟ್ಟಿಲಾಗಿಯೇ ಇದೆ. ಯಾವ ಡಬ್ಬಿ ಸಿಗುತ್ತದೋ ಆ ಮೆಟ್ಟಿಲಿಗೆ ಹೋಗಬೇಕು. ಗೇಟು ತೆಗೆದ ಕೂಡಲೇ ಜನ ನುಗ್ಗುತ್ತಾರೆ. ನೀವು ಪಕ್ಕದ ಕಂಬಿ ಹಿಡಿದು, ಹತ್ತಿರದ ಡಬ್ಬಿಯನ್ನು ನೋಡಿಕೊಳ್ಳಿ. ಅದು ತುಂಬಿದರೆ ಮುಂದಿನ ಸರದಿಗೆ ನಿಲ್ಲಿ, ಒಂದೆರಡು ನಿಮಿಷದ ಮಾತು.

ಇನ್ನು ಕ್ಯೂ. ಒಂದು ಡಬ್ಬಿಯಲ್ಲಿ ಆರು ಜನ, ಆರು ಡಬ್ಬಿ. ಒಂದು ಸಲಕ್ಕೆ 36 ಜನ. ಒಂದು ದಿನದಲ್ಲಿ ಬರುವ ಕ್ರೂಸ್ ಪ್ರಯಾಣಿಕರಿಗೆ 2025ರಿಂದ ಅಲ್ಲಿನವರು 8,000ದ ಮಿತಿ ಹಾಕಿದ್ದಾರೆ. ಅದಕ್ಕೂ ಮೊದಲು, 2024ರ ಜುಲೈಯಲ್ಲಿ, ಒಂದೇ ದಿನ 11,000 ಜನ ಬರುತ್ತಾರೆ ಎಂದು ಗೊತ್ತಾದಾಗ ಊರಿನವರು ಆದಷ್ಟು ಹೊರಗೆ ಓಡಾಡಬೇಡಿ ಎಂಬ ಸೂಚನೆ ಫೇಸ್‌ಬುಕ್ಕಿನಲ್ಲಿ ಬಂದು ದೊಡ್ಡ ಗಲಾಟೆಯಾಗಿತ್ತು. ಇಡೀ ದ್ವೀಪದ ಜನಸಂಖ್ಯೆ 15,000ಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೆ. ಮಿತಿ ಒಳ್ಳೆಯದೇ. ಆದರೂ 8,000 ಜನ ಕೆಳಗಿಳಿಯಬೇಕಾದರೆ ಆ ಡಬ್ಬಿಗಳು 220ಕ್ಕೂ ಹೆಚ್ಚು ಸಲ ಓಡಬೇಕು. ಎಲ್ಲರೂ ಮಧ್ಯಾಹ್ನ ಮೂರರ ಮೇಲೆಯೇ ಹೊರಡುತ್ತಾರೆ. ಆಗ ಒಂದು ಗಂಟೆ, ಒಂದೂವರೆ ಗಂಟೆ ನಿಲ್ಲುವುದು ಮಾಮೂಲು. ಸಾಲು ಕಿರಿದಾದ ಬೀದಿಯಲ್ಲಿ ಅಂಗಡಿಗಳ ಮುಂದೆ ಹನುಮಂತನ ಬಾಲದಂತೆ ಬೆಳೆಯುತ್ತದೆ, ಕೂರಲು ಜಾಗ ಇರುವುದಿಲ್ಲ. ವಯಸ್ಸಾದವರಿಗೆ ಬೇರೆ ಸಾಲು ಇರುತ್ತದೆ ಎಂದು ನಂಬಿಕೊಂಡು ಹೋಗಬೇಡಿ.

ಹಡಗಿನವರ ಟೂರ್ ತೆಗೆದುಕೊಂಡರೆ ಈ ಕ್ಯೂ ತಪ್ಪುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಅದು ಅರ್ಧ ನಿಜ. ಹೋಗುವಾಗ ತಪ್ಪುತ್ತದೆ: ಮೊದಲ ಟೆಂಡರಿನಲ್ಲೇ ಅಥಿನಿಯೋಸ್, ಅಲ್ಲಿಂದ ಎಸಿ ಬಸ್ಸಿನಲ್ಲಿ ಹಾವಿನ ತಿರುವಿನ ರಸ್ತೆ ಹತ್ತಿ ಓಯಾ ಅಥವಾ ಯಾವುದಾದರೂ ಹಳ್ಳಿ. ಬರುವಾಗ ಹೆಚ್ಚಿನ ಟೂರುಗಳು ಫಿರಾದಲ್ಲಿ ಮುಗಿಯುತ್ತವೆ. ಗೈಡ್ ಕೈಗೆ ಕೇಬಲ್ ಕಾರಿನ ಟಿಕೆಟ್ ಕೊಟ್ಟು, ಇಲ್ಲಿಂದ ನೀವೇ ಇಳಿದು ಹೋಗಿ ಎಂದು ಬಿಡುತ್ತಾರೆ. ಅಲ್ಲಿಂದ ಮುಂದೆ ನೀವೂ ಎಲ್ಲರ ಜೊತೆ ಅದೇ ಸಾಲಿನಲ್ಲಿ. ಟೂರ್ ತಡವಾದರೆ ಹಡಗು ಕಾಯುತ್ತದೆ ಎಂಬ ಭರವಸೆ ಕೂಡ ಗೈಡ್ ಜೊತೆ ಇರುವವರೆಗೆ ಮಾತ್ರ ಎಂದು ಇಟ್ಟುಕೊಳ್ಳಿ. ಹಾಗಾಗಿ ಬುಕ್ ಮಾಡುವ ಮುಂಚೆ ಹಡಗಿನ ಟೂರ್ ಡೆಸ್ಕಿನಲ್ಲಿ ಒಂದೇ ಪ್ರಶ್ನೆ ಕೇಳಿ: ವಾಪಸ್ ಕೂಡ ಬಸ್ಸಿನಲ್ಲೇ ಅಥಿನಿಯೋಸ್‌ಗೆ ಬಿಡುತ್ತೀರಾ? ಬಿಡುತ್ತೇವೆ ಎಂದರೆ ಆ ಟೂರಿಗೆ ಕೊಡುವ ಹಣ ದಂಡ ಅಲ್ಲ. ಇಲ್ಲ ಎಂದರೆ, ಮಂಡಿ ಉಳಿಸಲು ಅಷ್ಟು ಕೊಡುವುದರಲ್ಲಿ ಅರ್ಥ ಕಮ್ಮಿ.

ಹಾಗಾದರೆ ನಿಮಗೆ ನಾನು ಹೇಳುವುದು: ಬಸ್ಸಿನಲ್ಲೇ ವಾಪಸ್ ತರುವ ಟೂರ್ ಸಿಗದಿದ್ದರೆ, ಯಾವ ಟೂರೂ ಬೇಡ, ಟ್ಯಾಕ್ಸಿಯೂ ಬೇಡ. ಫಿರಾ ಒಂದನ್ನೇ ನೋಡಿ, ಬೇಗ ಹೋಗಿ ಬೇಗ ಬನ್ನಿ. ಟೂರಿನವರು ಇಳಿದ ಮೇಲೆ ಉಳಿದವರಿಗೆ ಟೆಂಡರ್ ನಂಬರ್ ಕೊಡುತ್ತಾರೆ, ಅದನ್ನು ಬೆಳಿಗ್ಗೆ ತಿಂಡಿಗೆ ಮುಂಚೆಯೇ ತೆಗೆದುಕೊಳ್ಳಿ. ಒಂಬತ್ತರ ಹೊತ್ತಿಗೆ ಮೇಲಿದ್ದರೆ ಚೆನ್ನ. ಒಂದೂವರೆಯ ಒಳಗೆ ಕೇಬಲ್ ಕಾರಿನ ಬಾಗಿಲಿಗೆ ವಾಪಸ್ ಬನ್ನಿ. ಆ ಹೊತ್ತಿಗೆ ಇಳಿಯುವವರು ಕಮ್ಮಿ ಇರುತ್ತಾರೆ. ಸಂಜೆವರೆಗೆ ಹಡಗಿನ ಡೆಕ್ ಮೇಲೆ ಕಾಲು ಚಾಚಿ ಕೂತು ನೋಡಬಹುದು. ಫಿರಾ ಪಶ್ಚಿಮಕ್ಕೆ ಮುಖ ಮಾಡಿದೆ, ಮಧ್ಯಾಹ್ನದ ಮೇಲೆಯೇ ಆ ಬಂಡೆಗೂ ಬಿಳಿ ಮನೆಗಳಿಗೂ ನೇರ ಬೆಳಕು ಬೀಳುವುದು. ಹಡಗಿನಲ್ಲೇ ಕೂತು ನೋಡುವುದು ವಾಸಿಯಾ ಎಂದು ಕೇಳಿದ್ದೀರಲ್ಲ, ಅರ್ಧ ದಿನ ಖಂಡಿತ ವಾಸಿ.

ಓಯಾ ಬಿಟ್ಟರೆ ಹೇಗೆ ಎಂದು ಮಗ ಕೇಳಬಹುದು. ಸೂರ್ಯಾಸ್ತಕ್ಕೂ ನೀಲಿ ಗುಮ್ಮಟದ ಫೋಟೋಗೂ ಹೆಸರಾದ ಓಯಾ ಚೆಂದದ ಊರು, ಇಲ್ಲ ಎನ್ನುವುದಿಲ್ಲ. ಆದರೆ ಅಲ್ಲಿನ ಸೂರ್ಯಾಸ್ತ ನಿಮಗೆ ಹೇಗೂ ಸಿಗುವುದಿಲ್ಲ. ಸೆಪ್ಟೆಂಬರ್ ಕೊನೆಗೆ ಸೂರ್ಯ ಮುಳುಗುವುದು ಏಳು ಗಂಟೆ ಮೇಲೆ, ನಿಮ್ಮ ಹಡಗು ಆರಕ್ಕೇ ಹೊರಡುತ್ತದೆ. ಫಿರಾದಿಂದ ಓಯಾಗೆ ಲೋಕಲ್ ಬಸ್ಸಿದೆ, ಅರ್ಧ ಗಂಟೆ ದಾರಿ. ಆದರೆ ಬಸ್ ಸ್ಟ್ಯಾಂಡಿನಲ್ಲಿ ಇನ್ನೊಂದು ಕ್ಯೂ, ಕೆಲವು ಸಲ ನಿಂತೇ ಪ್ರಯಾಣ, ಇಳಿದ ಮೇಲೆ ಫೋಟೋದ ಆ ನೀಲಿ ಗುಮ್ಮಟದ ಜಾಗಕ್ಕೆ ಮತ್ತೆ ನಡಿಗೆ, ಮತ್ತೆ ಮೆಟ್ಟಿಲು. ಹಳೇ ಬಂದರಿನಲ್ಲಿ ಇಳಿದ ತಕ್ಷಣ ದೋಣಿಯಲ್ಲಿ ಓಯಾ, ಬಸ್ಸಿನಲ್ಲಿ ಫಿರಾ ಎಂದು ಕೂಗಿ ಟಿಕೆಟ್ ಮಾರುತ್ತಾರೆ. ಹತ್ತುವ ಕ್ಯೂ ತಪ್ಪಿಸಲು ಅದು ಜಾಣ ದಾರಿ, ವಯಸ್ಸಿನ ಮಕ್ಕಳಿಗೆ ನಾನೇ ಹೇಳುತ್ತೇನೆ. ಕುಲುಕುವ ದೋಣಿಗೆ ಇನ್ನೊಂದು ಸಲ ಹತ್ತಿ ಇಳಿಯುವುದು ನಿಮ್ಮ ಯಜಮಾನರಿಗೆ ಬೇಡ. ನೀಲಿ ಗುಮ್ಮಟವೇ ಬೇಕಾದರೆ ಫಿರಾ ಪಕ್ಕದ ಫಿರೋಸ್ತೆಫಾನಿಯಲ್ಲಿ ಮೂರು ಘಂಟೆ ನೇತುಹಾಕಿರುವ ಚರ್ಚ್ ಇದೆ. ಕೇಬಲ್ ಕಾರಿನಿಂದ ಅಂಚಿನ ದಾರಿಯಲ್ಲೇ ನಿಧಾನವಾಗಿ ಕಾಲು ಗಂಟೆ, ಇಪ್ಪತ್ತು ನಿಮಿಷ. ಸ್ವಲ್ಪ ಏರು ಇದೆ, ನಡುವೆ ಕೂತು ಕಾಫಿ ಕುಡಿಯಲು ಜಾಗ ಬೇಕಾದಷ್ಟಿದೆ.

ಫಿರಾದಲ್ಲಿ ನಾನು ಎಲ್ಲರನ್ನೂ ಒತ್ತಾಯ ಮಾಡಿ ಕಳಿಸುವ ಜಾಗ ಒಂದಿದೆ, ಬಸ್ ಸ್ಟ್ಯಾಂಡ್ ಹತ್ತಿರದ ಇತಿಹಾಸಪೂರ್ವ ಥೀರಾ ವಸ್ತುಸಂಗ್ರಹಾಲಯ (ಥೀರಾ ಎಂದರೆ ಈ ದ್ವೀಪದ್ದೇ ಇನ್ನೊಂದು ಹೆಸರು). ಹಡಗಿನ ಜನ ಅದರ ಮುಂದೆಯೇ ನಡೆದು ಹೋಗುತ್ತಾರೆ, ಒಳಗೆ ಹೋಗುವವರು ಕಮ್ಮಿ. ತಂಪಾಗಿರುತ್ತದೆ, ಗಲಾಟೆ ಇಲ್ಲ. ಆ ಹಳೆಯ ಸ್ಫೋಟದ ಬೂದಿಯಲ್ಲಿ ಹೂತುಹೋದ ಅಕ್ರೊತಿರಿ ಎಂಬ ಊರನ್ನು ಗ್ರೀಸಿನ ಪುರಾತತ್ವಜ್ಞ ಸ್ಪಿರಿಡಾನ್ ಮರಿನಾಟೋಸ್ 1967ರಿಂದ ಅಗೆಸಿದರು. ಅಲ್ಲಿ ಸಿಕ್ಕ ಗೋಡೆ ಚಿತ್ರಗಳಲ್ಲಿ ಕೆಲವು ಇಲ್ಲಿವೆ. ಒಂದರಲ್ಲಿ ನೀಲಿ ಬಣ್ಣದ ಕೋತಿಗಳು ಬಂಡೆ ಹತ್ತುತ್ತಿವೆ. ಬಾಲ ಮೇಲಕ್ಕೆತ್ತಿ ಬಾಗಿಸಿರುವ ರೀತಿ ನೋಡಿ, ಇವು ಆಫ್ರಿಕಾದ ಕೋತಿಗಳಲ್ಲ, ಭಾರತ ಉಪಖಂಡದ ಮುಸುವಗಳು ಎಂದು 2019ರಲ್ಲಿ ಕಲಾ ಇತಿಹಾಸದವರೂ ಕೋತಿಗಳ ತಜ್ಞರೂ ಸೇರಿ ಬರೆದರು. ಮೂರು ಸಾವಿರದ ಆರುನೂರು ವರ್ಷದ ಹಿಂದೆ ಈಜಿಯನ್ ಸಮುದ್ರದ ಚಿತ್ರಗಾರನಿಗೆ ಮುಸುವದ ಬಾಲ ಹೇಗೆ ಗೊತ್ತಾಯಿತು? ಸಿಂಧೂ ಕಡೆಯಿಂದ ಮೆಸೊಪೊಟೇಮಿಯಾ ದಾಟಿ ಹೋಗುತ್ತಿದ್ದ ವ್ಯಾಪಾರದ ದಾರಿ ಇದಕ್ಕೆ ಕಾರಣ ಇರಬಹುದು ಎಂಬುದು ಅವರ ಊಹೆ. ವಾರದಲ್ಲಿ ಒಂದು ದಿನ ರಜೆ ಇರುತ್ತದೆ, ನೀವು ಹೋಗುವ ದಿನ ತೆರೆದಿದೆಯೇ ಎಂದು ಮಗ ಮೊದಲೇ ನೋಡಿ ಹೇಳಲಿ.

ಟೆಂಡರ್ ಬಗ್ಗೆ ಒಂದು ಮಾತು. ಮಂಡಿ ನೋವಿಗೆ ನಿಜವಾದ ಪರೀಕ್ಷೆ ಅಲ್ಲಿ. ಹಡಗಿನ ಬಾಗಿಲಿಗೂ ದೋಣಿಗೂ ನಡುವೆ ಒಂದು ಹೆಜ್ಜೆ ಅಂತರ. ಅಲೆಗೆ ದೋಣಿ ಮೇಲೆ ಕೆಳಗೆ ಆಡುತ್ತಿರುತ್ತದೆ. ಎರಡೂ ಕಡೆ ಸಿಬ್ಬಂದಿ ನಿಂತು ಮೊಣಕೈ ಹತ್ತಿರ ಹಿಡಿದುಕೊಳ್ಳುತ್ತಾರೆ. ಕೋಲನ್ನು ನೀವು ಇಸಿದುಕೊಳ್ಳಿ, ಅವರ ಎರಡೂ ಕೈ ಖಾಲಿ ಇರಲಿ. ಸಿಬ್ಬಂದಿ ಈಗ ಎಂದ ಮೇಲೆಯೇ ಕಾಲಿಡಲಿ, ಹಿಂದಿನವರು ಕಾಯುತ್ತಾರೆ ಎಂಬ ಸಂಕೋಚ ಬೇಡ. ಜುಲೈ, ಆಗಸ್ಟಿನಲ್ಲಿ ಮೆಲ್ತೆಮಿ ಎಂಬ ಉತ್ತರದ ಗಾಳಿ ಜೋರಾಗಿರುತ್ತದೆ, ಸೆಪ್ಟೆಂಬರ್ ಕೊನೆಗೆ ಸಾಮಾನ್ಯವಾಗಿ ಇಳಿದಿರುತ್ತದೆ. ಆದರೂ ಗಾಳಿ ಎದ್ದರೆ ಕ್ಯಾಪ್ಟನ್ ಸ್ಯಾಂಟೊರಿನಿಯನ್ನೇ ಕೈಬಿಡಬಹುದು. ಹಾಗಾದರೆ ಹಡಗಿನವರ ಟೂರಿನ ಹಣ ವಾಪಸ್ ಬರುತ್ತದೆ. ಹೊರಗೆ ಬುಕ್ ಮಾಡಿದ್ದು ಅವರವರ ನಿಯಮದ ಮೇಲೆ.

ಭೂಕಂಪದ ಭಯ ಸುಮ್ನೆ ಹುಟ್ಟಿದ್ದಲ್ಲ. 2025ರ ಜನವರಿ ಕೊನೆಯಿಂದ ಸ್ಯಾಂಟೊರಿನಿ ಮತ್ತು ಅಮೊರ್ಗೊಸ್ ಎಂಬ ಇನ್ನೊಂದು ದ್ವೀಪದ ನಡುವೆ ಸಾವಿರಾರು ಕಂಪನ ಆದವು. ಅತಿ ದೊಡ್ಡದು 5.3 ತೀವ್ರತೆಯದು. ತುರ್ತು ಪರಿಸ್ಥಿತಿ ಹೇರಿದರು, ಹತ್ತು ಸಾವಿರಕ್ಕೂ ಹೆಚ್ಚು ಜನ ದ್ವೀಪ ಬಿಟ್ಟು ಹೋದರು. ನೆಲದಡಿ ಶಿಲಾಪಾಕ ಸರಿದಾಡಿದ್ದು ಇದಕ್ಕೆ ಕಾರಣ ಎಂದು ಆಮೇಲಿನ ಅಧ್ಯಯನ ಹೇಳಿತು. ಸ್ಫೋಟ ಆಗಲಿಲ್ಲ. ಫೆಬ್ರವರಿ ಕಳೆಯುತ್ತಾ ಕಂಪನ ಇಳಿಯಿತು, ಬೇಸಿಗೆಗೆ ಹಡಗುಗಳು ಮತ್ತೆ ಬಂದವು. ಅಲ್ಲಿ ಇನ್ನು ಭೂಕಂಪ ಆಗುವುದೇ ಇಲ್ಲ ಎಂದು ಯಾರೂ ಬರೆದುಕೊಡಲಾರರು. 1956ರಲ್ಲಿ ದೊಡ್ಡ ಭೂಕಂಪವೇ ಆಗಿ 53 ಜನ ಸತ್ತರು. ಆದರೆ ಒಂದು ದಿನದ ಕೆಲವು ಗಂಟೆಗೆ ಹೋಗುವ ನಿಮ್ಮ ಅಪಾಯ ತೀರಾ ಕಮ್ಮಿ. ಪರಿಸ್ಥಿತಿ ಕೆಟ್ಟರೆ ಕ್ರೂಸ್ ಕಂಪನಿಯೇ ಆ ಬಂದರನ್ನು ಬಿಟ್ಟು ಬೇರೆ ಕಡೆ ಹೋಗುತ್ತದೆ. ನೆನಪಿಡಬೇಕಾದ್ದು ಒಂದೇ: ಕಂಪನ ಬಂದಾಗ ಹಳೇ ಬಂದರಿನ ಹಿಂದಿನ ಬಂಡೆಯಿಂದ ಕಲ್ಲು ಉದುರುವ ಭಯ ಇರುತ್ತದೆ. 2025ರಲ್ಲಿ ಅಲ್ಲಿಗೆ ಹೋಗಬೇಡಿ ಎಂದೇ ಸರ್ಕಾರ ಹೇಳಿತ್ತು. ಹಾಗಾಗಿ ಕೆಳಗೆ ಬಂಡೆಯಡಿ ಸುಮ್ಮನೆ ಕಾಲ ಕಳೆಯಬೇಡಿ. ತುರ್ತು ಸಹಾಯಕ್ಕೆ ನಂಬರ್ 112.

ಊಟದ ಚಿಂತೆ ಬಿಡಿ. ಫಾವಾ ಎಂದು ಕೇಳಿ, ಹಳದಿ ಬೇಳೆ ಬೇಯಿಸಿ ನುಣ್ಣಗೆ ಅರೆದು, ಮೇಲೆ ಆಲಿವ್ ಎಣ್ಣೆ, ಈರುಳ್ಳಿ ಹಾಕಿ ಕೊಡುತ್ತಾರೆ. ಈ ದ್ವೀಪದ್ದೇ ಬೇಳೆ, ಹೆಸರುವಾಸಿ. ತೊಮಾತೊಕೆಫ್ತೆದೆಸ್ ಎಂಬ ಟೊಮೆಟೊ ಪಕೋಡವೂ ಇಲ್ಲಿನದೇ, ಆದರೆ ಕೆಲವರು ಹಿಟ್ಟಿಗೆ ಮೊಟ್ಟೆ ಹಾಕುತ್ತಾರೆ, ಕೇಳಿಯೇ ತೆಗೆದುಕೊಳ್ಳಿ. ನಲ್ಲಿ ನೀರು ಕುಡಿಯಬೇಡಿ, ಬಾಟಲಿ ಕೊಳ್ಳಿ. ಹಿಡಿತ ಇರುವ ಶೂ ಹಾಕಿ. ಕೈಯಲ್ಲಿ ಫೋನ್ ಇದ್ದರೂ ಹಡಗಿನ ಗಡಿಯಾರದ ಸಮಯ ಬೇರೆ ಬರೆದಿಟ್ಟುಕೊಳ್ಳಿ. ಹಡಗು ಆರಕ್ಕೆ ಹೊರಡುವುದಾದರೆ ಕೊನೆಯ ಟೆಂಡರ್ ಐದಕ್ಕೋ ಐದೂವರೆಗೋ ಇರುತ್ತದೆ. ಅಕಸ್ಮಾತ್ ತಪ್ಪಿದರೂ ಗಾಬರಿ ಬೇಡ. ಬಂದರಿನಲ್ಲಿ ಹಡಗಿನ ಏಜೆಂಟ್ ಇರುತ್ತಾರೆ, ನಿಮ್ಮ ಮುಂದಿನ ನಿಲ್ದಾಣ ಪಿರೇಯಸ್ಸೇ ಆದ್ದರಿಂದ ಫೆರಿಯಲ್ಲೋ ವಿಮಾನದಲ್ಲೋ ಹೋಗಿ ಸೇರಬಹುದು. ಖರ್ಚು ಮಾತ್ರ ನಿಮ್ಮದೇ. ಇನ್ನು, ಕ್ರೂಸ್ ಪ್ರಯಾಣಿಕರಿಗೆ 2025ರ ಜುಲೈಯಿಂದ ಗ್ರೀಸ್ ಹಾಕಿರುವ ಶುಲ್ಕ ಸ್ಯಾಂಟೊರಿನಿ, ಮಿಕೊನೊಸ್‌ಗೆ ಸೆಪ್ಟೆಂಬರಿನಲ್ಲಿ ತಲೆಗೆ 20 ಯೂರೋ. ಅದು ಹಡಗಿನ ಬಿಲ್ಲಿನಲ್ಲೇ ಬರುತ್ತದೆ, ದಡದಲ್ಲಿ ಯಾರಾದರೂ ಕೇಳಿದರೆ ಕೊಡಬೇಡಿ.

ಕೊನೆಗೆ ವೀಸಾ. ಎಲ್ಲಕ್ಕಿಂತ ಮುಂಚೆ ನೋಡಬೇಕಾದ್ದು ಇದೇ. ನಿಮ್ಮ ಹಡಗು ಗ್ರೀಸಿನಿಂದ ಟರ್ಕಿಗೆ ಹೋಗಿ ಮತ್ತೆ ಗ್ರೀಸಿಗೆ ಬರುತ್ತದೆ. ಕುಶಾದಸಿಗೆ ಹೋದಾಗ ನೀವು ಷೆಂಗೆನ್ ಪ್ರದೇಶದಿಂದ, ಅಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪಿನಿಂದ, ಹೊರಗೆ ಹೋದ ಲೆಕ್ಕ. ಸ್ಯಾಂಟೊರಿನಿಗೆ ಬರುವುದು ಎರಡನೇ ಪ್ರವೇಶ. ಒಂದೇ ಪ್ರವೇಶದ ವೀಸಾ ಇದ್ದರೆ ಪಿರೇಯಸ್ಸಿನಲ್ಲೇ ನಿಮ್ಮನ್ನು ಹಡಗು ಹತ್ತಿಸದೇ ಇರಬಹುದು. ಕ್ರೂಸಿಗೆ ಮುಂಚೆ ಅಥವಾ ಆಮೇಲೆ ಮಗನ ಮನೆಗೆ ಹೋಗುವುದಿದ್ದರೆ ಆ ದಿನಗಳೂ ವೀಸಾ ಲೆಕ್ಕಕ್ಕೆ ಸೇರುತ್ತವೆ. ಪಾಸ್‌ಪೋರ್ಟ್ ತೆಗೆದು ವೀಸಾ ಚೀಟಿಯಲ್ಲಿ ಪ್ರವೇಶಗಳ ಜಾಗದಲ್ಲಿ ಏನಿದೆ ನೋಡಿ. 02 ಅಥವಾ ಮಲ್ಟ್ (MULT, ಅಂದರೆ ಹಲವು ಪ್ರವೇಶ) ಎಂದು ಇರಬೇಕು. 01 ಇದ್ದರೆ ಇವತ್ತೇ ಮಗನಿಗೆ ಹೇಳಿ. ಟರ್ಕಿಯಲ್ಲಿ ಇಳಿಯಲು ಬೇರೆ ವೀಸಾ ಬೇಕೇ ಎಂಬುದನ್ನೂ ಅವನು ಕ್ರೂಸ್ ಕಂಪನಿಯಿಂದ ಇಮೇಲ್‌ನಲ್ಲಿ ಬರೆಸಿಕೊಳ್ಳಲಿ, ಫೋನಿನ ಮಾತು ಸಾಲದು.